ಕೋಟೆಯ ಮಣ್ಣು, ಅಂಗಡಿಯ ಬಣ್ಣ

2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ ಬೀದರಿನ ನಮ್ಮ ಓಣಿಯ ಸುತ್ತಿಗೆಗಳ ಸದ್ದೂ ನಿಂತಿತು. ವಸ್ತುಪ್ರದರ್ಶನಗಳಿಲ್ಲ, ಕೋಟೆ ನೋಡಲು ಬರುವವರಿಲ್ಲ. ಬಿದರಿ ಸಾಮಾನು ಅಕ್ಕಿ-ಬೇಳೆಯಲ್ಲ, ಅದಿಲ್ಲದೆಯೂ ಜನ ಬದುಕುತ್ತಾರೆ. ಆದರೆ ಅದನ್ನು ಮಾಡುವವರು ಅದು ಮಾರಾಟವಾಗದಿದ್ದರೆ ಬದುಕಲಾರರು.

ಆಗ ನಮ್ಮ ಆಪಾನ ಮಗ, "ಮಾಮೂ, ಆನ್‌ಲೈನಿನಲ್ಲಿ ಮಾರೋಣ. ಫೋಟೋ ನಾನು ತೆಗೀತೀನಿ. ನೀವು ಕಥೆ ಬರೆಯೋರು, ನಾಲ್ಕು ಸಾಲು ಬರೆದುಕೊಡಿ" ಎಂದ. ಹೀಗೆ ನಾವು ವ್ಯಾಪಾರಕ್ಕೆ ಇಳಿದೆವು.

ಬರೆಯುವುದಕ್ಕೆ ಬೇಕಾದಷ್ಟಿತ್ತು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯಬೇಕು. ಅರದಿಂದ ಉಜ್ಜಿ ನಯ ಮಾಡಬೇಕು. ಮೈಲುತುತ್ತದ ನೀರು ಬಳಿದು, ಅದರ ಮೇಲೆ ಚಿತ್ತಾರ ಕೊರೆದು, ಆ ಗೀರಿನಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಬೇಕು. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಸಾಮಾನಿಗೆ ಹಚ್ಚಬೇಕು. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಣ್ಣು ಸರಿಯಿದೆಯೇ ಎಂದು ಉಸ್ತಾದರು ನಾಲಿಗೆಯ ಮೇಲಿಟ್ಟು ನೋಡುತ್ತಾರೆ.

ಇದನ್ನೆಲ್ಲ ಚೆಂದವಾಗಿ ಬರೆದೆವು. ಎರಡು ತಿಂಗಳಲ್ಲಿ ಬಂದದ್ದು ಮೂರೇ ಆರ್ಡರ್. ನಮಗೆ ಕಾಯುವ ತಾಳ್ಮೆ ಇರಲಿಲ್ಲ. ಹುಡುಗ ಹಣ ಕೊಟ್ಟು ಹತ್ತು ಸಾವಿರ ಹಿಂಬಾಲಕರನ್ನು ಕೊಂಡ. ಅವರಲ್ಲಿ ಒಬ್ಬನೂ ಒಂದು ಗುಂಡಿಯನ್ನೂ ಕೊಳ್ಳಲಿಲ್ಲ. ಆಮೇಲೆ ಬೇರೆ ಬೇರೆ ಹೆಸರಿನಲ್ಲಿ ನಮ್ಮದೇ ಸಾಮಾನನ್ನು ಹೊಗಳಿ ಹದಿನೈದು ಅಭಿಪ್ರಾಯಗಳು ಬಂದವು. ಬರೆದವರು ನಾವೇ. ಕಥೆಗಾರನಿಗೆ ಪಾತ್ರ ಹುಟ್ಟಿಸುವುದು ಕಷ್ಟವೇ? ಒಬ್ಬ ನಿವೃತ್ತ ಮೇಷ್ಟ್ರು, ಒಬ್ಬ ಡಾಕ್ಟರಮ್ಮ, ದುಬೈನಲ್ಲಿರುವ ಒಬ್ಬ ಇಂಜಿನಿಯರು. ಬರೆಯುವಾಗ ನಾಚಿಕೆಯಾಗಲಿಲ್ಲ, ನಗು ಬಂತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಆ ಸುಳ್ಳು ಫಲ ಕೊಟ್ಟಿತು. ಮದುವೆಯ ದಿನಗಳಲ್ಲಿ ನಲವತ್ತು ಡಬ್ಬಿಗಳಿಗೆ ಬೇಡಿಕೆ ಬಂತು. ಉಸ್ತಾದರು ಎರಡು ತಿಂಗಳು ಬೇಕೆಂದರು. ಗಿರಾಕಿಗಳಿಗೆ ಹತ್ತು ದಿನದಲ್ಲಿ ಬೇಕಿತ್ತು. ಹುಡುಗ ಬೇರೆ ಊರಿನ ವ್ಯಾಪಾರಿಯೊಬ್ಬನಿಂದ ಕಪ್ಪು ಬಣ್ಣ ಬಳಿದ ಅಗ್ಗದ ಡಬ್ಬಿಗಳನ್ನು ತರಿಸಿ ಕಳುಹಿಸಿದ. ನಮಗೆ ಗೊತ್ತಿತ್ತು. ಆದರೂ ಕೆಳಗಿದ್ದ ಬರಹವನ್ನು ನಾವು ಬದಲಿಸಲಿಲ್ಲ. ಅದರಲ್ಲಿ ಕೋಟೆಯ ಮಣ್ಣು ಹಾಗೆಯೇ ಇತ್ತು.

ತಿಂಗಳೊಳಗೆ ಮೈಸೂರಿನ ತಾಯಿಯೊಬ್ಬರು ಪತ್ರ ಬರೆದರು. ಮಗಳ ಮದುವೆಗೆ ಕೊಟ್ಟ ಡಬ್ಬಿಯನ್ನು ಒರೆಸಿದರೆ ಬಟ್ಟೆಗೆ ಕಪ್ಪು ಹತ್ತಿತಂತೆ. ಅವರು ಬೈದಿರಲಿಲ್ಲ. ನಿಮ್ಮ ಬರಹವನ್ನು ನಂಬಿ ಕೊಂಡೆ ಎಂದಷ್ಟೇ ಬರೆದಿದ್ದರು. ಇಪ್ಪತ್ತು ವರ್ಷ ಕಥೆ ಬರೆದ ಕೈಗೆ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದಿರಲಿಲ್ಲ.

ಪತ್ರವನ್ನು ಓದಿಸಿ ಕೇಳಿದ ಆಪಾ, ಪ್ರವಾದಿಯವರು ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದ ಪ್ರಸಂಗವನ್ನು ನೆನಪಿಸಿದರು. ರಾಶಿಯ ಮೇಲೆ ಒಣಗಿದ್ದು, ಒಳಗೆ ಒದ್ದೆ. ಜನ ನೋಡುವಂತೆ ಒದ್ದೆಯನ್ನು ಮೇಲಿಡಬಾರದಿತ್ತೇ ಎಂದು ಅವರು ವ್ಯಾಪಾರಿಯನ್ನು ಕೇಳಿದ್ದರು. ಮಕ್ಕಳಾಗಿದ್ದಾಗ ಮದರಸಾದಲ್ಲಿ ನಾವೂ ಬಾಯಿಪಾಠ ಮಾಡಿದ್ದ ಪ್ರಸಂಗವೇ ಅದು.

ಆಪಾ ಕಟ್ಟಿದ್ದ ಚೀಟಿಯ ಹಣದಿಂದ ನಲವತ್ತು ಮಂದಿಗೂ ದುಡ್ಡು ಹಿಂದಿರುಗಿಸಿದೆವು. ಕೃತಕ ಹೊಗಳಿಕೆಗಳನ್ನು ಅಳಿಸಿದೆವು, ಪುಟ ಬೋಳಾಯಿತು. ಮತ್ತೆ ಮೊದಲಿನಿಂದ ಶುರು. ಈ ಸಲ ಮಾಡಿದವರು ಯಾರು, ಎಷ್ಟು ದಿನ ಹಿಡಿಯಿತು, ಎಲ್ಲಿ ಗೀರು ಬಿದ್ದಿದೆ, ಎಲ್ಲವನ್ನೂ ಬರೆದೆವು. ತಡವಾಗುವುದಾದರೆ ಮೊದಲೇ ಹೇಳಿದೆವು. ಮೊದಲ ನಿಜವಾದ ಅಭಿಪ್ರಾಯ ಬರಲು ನಾಲ್ಕು ತಿಂಗಳಾಯಿತು. ಅದರಲ್ಲಿ ಮುಚ್ಚಳ ಬಿಗಿಯಾಗಿದೆ ಎಂಬ ದೂರಿತ್ತು. ಅದನ್ನು ಹಾಗೆಯೇ ಉಳಿಸಿಕೊಂಡೆವು. ಅದನ್ನು ಓದಿಯೇ ನಂಬಿಕೆ ಬಂತೆಂದು ಆಮೇಲೆ ಇಬ್ಬರು ಗಿರಾಕಿಗಳು ಹೇಳಿದರು.

2022ರ ನವೆಂಬರಿನಲ್ಲಿ ಭಾರತೀಯ ಮಾನಕ ಬ್ಯೂರೋ ಆನ್‌ಲೈನ್ ಅಭಿಪ್ರಾಯಗಳಿಗಾಗಿ ಐಎಸ್ 19000 ಎಂಬ ಮಾನಕವನ್ನು ಹೊರತಂದ ಸುದ್ದಿ ಓದಿದಾಗ ನಾವು ತಲೆ ತಗ್ಗಿಸಿದೆವು. 2023ರಲ್ಲಿ ನಮ್ಮ ಊರಿನ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಓಣಿಯಲ್ಲೆಲ್ಲ ಸಂತೋಷ. ಆ ಗೌರವದ ಹಿಂದೆ ಹಲವು ದಶಕಗಳ ದುಡಿಮೆಯಿತ್ತು. ನಾವು ಹತ್ತು ದಿನದಲ್ಲಿ ಹೆಸರು ಕೊಳ್ಳಲು ಹೊರಟಿದ್ದೆವು.

ವ್ಯಾಪಾರ ಈಗ ಚಿಕ್ಕದಾಗಿ ನಡೆಯುತ್ತಿದೆ. ನಾಲ್ಕು ಮನೆಗಳ ಒಲೆ ಉರಿಯುವಷ್ಟು. ಮೈಸೂರಿನ ಆ ತಾಯಿ ಹಣ ಪಡೆದುಕೊಂಡರು, ಮತ್ತೆ ನಮ್ಮಲ್ಲಿ ಏನನ್ನೂ ಕೊಳ್ಳಲಿಲ್ಲ. ಅವರ ಪತ್ರವನ್ನು ಹುಡುಗ ಸಾಮಾನು ಕಟ್ಟುವ ಮೇಜಿನ ಎದುರಿಗೆ ಅಂಟಿಸಿದ್ದಾನೆ. ಪ್ರತಿ ಡಬ್ಬಿಯನ್ನೂ ಬಿಳಿಯ ಬಟ್ಟೆಯಿಂದ ಒರೆಸಿ ನೋಡಿದ ಮೇಲೆಯೇ ಕಟ್ಟುತ್ತೇವೆ.