ಬಚ್ಚಲುಮನೆಯ ಅಗಳಿ

ನಾನು ಬೆಳೆದ ಮನೆಯಲ್ಲಿ ಹನ್ನೊಂದು ಜನಕ್ಕೆ ಇದ್ದುದು ಒಂದೇ ಬಚ್ಚಲುಮನೆ. ಒಳಗೆ ಹೋದವರು ಅಗಳಿ ಹಾಕಿಕೊಳ್ಳಬೇಕು, ಹೊರಬರುವಾಗ ತೆಗೆಯಬೇಕು, ಇಷ್ಟೇ ಕಾನೂನು. ಸಣ್ಣಪುಟ್ಟ ಯಂತ್ರಗಳ ಹೊಟ್ಟೆಯಲ್ಲಿ ಅಡಗಿರುವ ಗಣಕಗಳಿಗೆ ಪ್ರೋಗ್ರಾಂ ಬರೆಯುವುದು ಈಗ ನನ್ನ ಕಸಬು. ಅದರ ಮುಕ್ಕಾಲು ಪಾಲು ತಾಪತ್ರಯ ಈ ಅಗಳಿಯದೇ ಎಂದರೆ ನೀವು ನಕ್ಕೀರಿ. ಒಂದೇ ಲೆಕ್ಕದ ಪುಸ್ತಕಕ್ಕೆ ಎರಡು ಕೆಲಸಗಳು ಒಮ್ಮೆಲೇ ಕೈಹಾಕಿ ಕಲಸಿಬಿಡದಂತೆ ಹಾಕುವ ಈ ಅಗಳಿಗೆ ನಮ್ಮವರು ಮ್ಯೂಟೆಕ್ಸ್ ಎನ್ನುತ್ತಾರೆ.

ಮೂರು ವರ್ಷದ ಕೆಳಗೆ ಮಂಡ್ಯದ ಕಡೆಯ ಒಂದು ಹಳ್ಳಿಯ ಡೈರಿಯಲ್ಲಿ ನಾವು ಮಾಡಿದ ಯಂತ್ರವನ್ನಿಟ್ಟಿದ್ದರು. ಹಾಲು ತೂಗುವುದು, ಕೊಬ್ಬಿನ ಅಂಶ ಬರೆದುಕೊಳ್ಳುವುದು, ಚೀಟಿ ಮುದ್ರಿಸುವುದು ಅದರ ಕೆಲಸ. ಒಂದು ಮುಂಜಾನೆ ನಾನು ಅಲ್ಲೇ ಇದ್ದಾಗ ಯಂತ್ರ ಮೂಕವಾಯಿತು. ಬಾಗಿಲಾಚೆ ನಲವತ್ತು ಜನ ಕ್ಯಾನು ಹಿಡಿದು ನಿಂತಿದ್ದಾರೆ. ಒಬ್ಬ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಅಲ್ಲ ಸ್ವಾಮಿ, ನಿಮ್ ಮಿಷನ್ನು ನಿಂತೋಯ್ತು ಅಂತ ನಮ್ ಹಸ ಹಾಲ್ ಕೊಡೋದ ನಿಲ್ಲಿಸ್ತದಾ?” ಎಂದಳು. ಉತ್ತರವಿರಲಿಲ್ಲ. ಕಾರ್ಯದರ್ಶಿಗಳು ಹಳೆಯ ನೋಟುಪುಸ್ತಕ ತೆಗೆದರು.

ತಪ್ಪು ನನ್ನದೇ. ಚೀಟಿ ಮುದ್ರಿಸುವ ಕೆಲಸ ಲೆಕ್ಕದ ಪುಸ್ತಕಕ್ಕೆ ಅಗಳಿ ಹಾಕಿಕೊಂಡು ಒಳಗೆ ಹೋಗುತ್ತಿತ್ತು. ಅಲ್ಲಿಂದ ಹೊರಬರಲು ಮೂರು ದಾರಿ. ಎರಡರಲ್ಲಿ ಅಗಳಿ ತೆಗೆಯುವುದನ್ನು ಬರೆದಿದ್ದೆ. ಮೂರನೆಯದು ಕಾಗದ ಮುಗಿದಾಗಿನ ದಾರಿ. ಅಂದು ಕಾಗದ ಮುಗಿಯಿತು. ಮುದ್ರಣದ ಕೆಲಸ ಹಿತ್ತಲ ಗೋಡೆ ಹಾರಿ ಹೋದಂತೆ ಹೋಯಿತು. ತೂಕದ ಕೆಲಸ ಒಳಗಿನಿಂದ ಮುಚ್ಚಿದ ಬಾಗಿಲ ಮುಂದೆ ಕಾಯುತ್ತ ನಿಂತಿತು. ಯಂತ್ರ ಸ್ತಬ್ಧವಾದರೆ ಎಬ್ಬಿಸಲೆಂದು ಇರುವ ವಾಚ್‌ಡಾಗ್ ಕೂಡ ಬೊಗಳಲಿಲ್ಲ. ಅದರ ತಲೆ ಸವರುವ ಹೊಣೆ ಪರದೆಯ ಕೆಲಸದ್ದಾಗಿತ್ತು, ಪರದೆ ಸುಖವಾಗಿತ್ತು.

ಬೆಂಗಳೂರಿಗೆ ಬಂದೊಡನೆ ನಮ್ಮ ಕಿರಿಯ ಎಂಜಿನಿಯರೊಬ್ಬ ಸುಲಭದ ಮದ್ದು ಹೇಳಿದ: ಅರ್ಧ ಸೆಕೆಂಡು ಮಾತ್ರ ಕಾಯುವಂತೆ ಮಾಡಿಬಿಡೋಣ. ಹಾಗೇ ಮಾಡಿದೆವು. ಯಂತ್ರ ನಿಲ್ಲಲಿಲ್ಲ. ಆದರೆ ಪರೀಕ್ಷೆಯಲ್ಲಿ ಒಬ್ಬರ ಹಾಲು ಇನ್ನೊಬ್ಬರ ಖಾತೆಗೆ ಸೇರಿತು! ಅಗಳಿ ಕೇಳಿದಾಗ ಆಪರೇಟಿಂಗ್ ಸಿಸ್ಟಂ ಸಿಕ್ಕಿತೆಂದೋ ಇಲ್ಲವೆಂದೋ ಉತ್ತರ ಕೊಡುತ್ತದೆ. ಆ ಉತ್ತರವನ್ನು ನಾನು ಎಲ್ಲಿಯೂ ಓದಿರಲಿಲ್ಲ. ‘ಇಲ್ಲ’ ಎಂದರೂ ನುಗ್ಗಿ ಬರೆದುಬಿಡುತ್ತಿತ್ತು. ನಿಂತ ಯಂತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ. ಅಜ್ಜಿಯ ಎರಡು ಲೀಟರು ತಪ್ಪಿದರೆ ಯಾರಿಗೆ ಕಾಣುತ್ತದೆ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಗ ನೆನಪಾದದ್ದು ಮಂಗಳ ಗ್ರಹ. 1997ರ ಜುಲೈ 4ರಂದು ಅಲ್ಲಿ ಇಳಿದ ಅಮೆರಿಕದ ಪಾತ್‌ಫೈಂಡರ್ ನೌಕೆಯ ಗಣಕ ಕೆಲವೇ ದಿನಗಳಲ್ಲಿ ತಾನೇ ತಾನಾಗಿ ಮತ್ತೆ ಮತ್ತೆ ಆರಂಭಗೊಳ್ಳತೊಡಗಿತು. ಅದು ನಮ್ಮ ಮನೆಯ ಜಗಳವೇ. ತಮ್ಮ ಬಚ್ಚಲಲ್ಲಿದ್ದಾನೆ, ನೀರು ಹೊಯ್ಯಲು ಅಮ್ಮ ಬೇಕು. ಹೊರಗೆ ಪೂಜೆಗೆ ಹೊತ್ತಾದ ತಾತ. ಅಷ್ಟರಲ್ಲಿ ಚಿಕ್ಕಪ್ಪ ಕಾಫಿ ಕೇಳುತ್ತಾರೆ. ಅವರು ತಮ್ಮನಿಗಿಂತ ದೊಡ್ಡವರು, ಅಮ್ಮ ಒಲೆಯ ಹತ್ತಿರ ಓಡುತ್ತಾಳೆ. ಎಲ್ಲರಿಗಿಂತ ದೊಡ್ಡವರಾದ ತಾತ ಕಾಯುತ್ತಲೇ ಇರುತ್ತಾರೆ. ನೌಕೆಯಲ್ಲಿ ಅಗಳಿ ಹಿಡಿದದ್ದು ಹವೆಯ ವಿವರ ಬರೆಯುವ ಸಣ್ಣ ಕೆಲಸ, ಕಾದದ್ದು ಒಳಗಿನ ಸುದ್ದಿಯನ್ನೆಲ್ಲ ಹಂಚುವ ಮುಖ್ಯ ಕೆಲಸ, ನಡುವೆ ನುಗ್ಗಿದವು ಮಧ್ಯಮ ದರ್ಜೆಯವು. ಹಂಚುವುದು ಹೊತ್ತಿಗೆ ಮುಗಿಯದ್ದನ್ನು ಕಂಡ ಇನ್ನೊಂದು ಕೆಲಸ ಗಣಕವನ್ನೇ ಹೊಸದಾಗಿ ಹೊರಡಿಸುತ್ತಿತ್ತು. ತಾತ ಬಾಗಿಲಲ್ಲಿ ಕಾಯುವಷ್ಟು ಹೊತ್ತು ಒಳಗಿರುವ ತಮ್ಮನಿಗೂ ತಾತನ ಸ್ಥಾನ ಕೊಡು ಎಂಬ ಏರ್ಪಾಟು ಆ ಆಪರೇಟಿಂಗ್ ಸಿಸ್ಟಂನಲ್ಲೇ ಇತ್ತು. ಈ ಅಗಳಿಗೆ ಅದನ್ನು ಹಾಕಿರಲಿಲ್ಲ. ಭೂಮಿಯ ಮೇಲಿನ ಪ್ರತಿರೂಪದಲ್ಲಿ ದೋಷವನ್ನು ಮರುಕಳಿಸಿ ಹಿಡಿದು, ತಿದ್ದುಪಡಿಯನ್ನು ರೇಡಿಯೋ ಮೂಲಕ ಕಳಿಸಿದರು.

ಅವರಿಗೆ ಮಂಗಳ, ನನಗೆ ಮಂಡ್ಯ. ಆ ಏರ್ಪಾಟನ್ನು ನಾನೂ ಹಾಕಿದೆ. ಮುದ್ರಣದ ಮೂರು ದಾರಿಗಳನ್ನೂ ಒಂದೇ ಬಾಗಿಲಿಗೆ ತಂದು ಅಲ್ಲಿ ಅಗಳಿ ತೆಗೆಸಿದೆ. ಅಗಳಿ ಸಿಗದಿದ್ದರೆ ತೂಕವನ್ನು ಬೇರೆಯಾಗಿ ಬರೆದಿಟ್ಟು, ಯಾರು ಒಳಗಿದ್ದರೆಂದು ಗುರುತು ಹಾಕಿ ಕೂಗುವಂತೆ ಮಾಡಿದೆ. ವಾಚ್‌ಡಾಗಿಗೆ ಇನ್ನು ಎಲ್ಲ ಕೆಲಸಗಳೂ ಹಾಜರಿ ಹೇಳಬೇಕು.

ಮತ್ತೆ ಹಳ್ಳಿಗೆ ಹೋದಾಗ ಕಾರ್ಯದರ್ಶಿಗಳು ನಗುತ್ತ ನಡುವೆಯೇ ಕಾಗದ ಎಳೆದುಹಾಕಿದರು. ಯಂತ್ರ ಕಿರ್ ಎಂದಿತು. ತೂಕ ನಡೆದೇ ಇತ್ತು. ಅಜ್ಜಿ ಕ್ಯಾನು ಬಗ್ಗಿಸಿ, “ನನ್ ಚೀಟಿ?” ಎಂದಳು. ಹೊಸ ಸುರುಳಿ ಹಾಕಿದ ಮೇಲೆ ಚೀಟಿ ಬಂತು. ಅದನ್ನು ಮೊಮ್ಮಗನ ಕೈಯಲ್ಲಿ ಎರಡು ಸಲ ಓದಿಸಿ, ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.