ನಮ್ಮ ಗಾಡಿ, ಆಪಲೀ ಗಾಡಿ

ಗಡಿನಾಡಿನ ಬೈಕ್ ಷೋರೂಮಿನಲ್ಲಿ ಗಿರಾಕಿಯ ಭಾಷೆ ಯಾವುದೆಂಬ ತೀರ್ಮಾನವು ಅವನು ಬಾಯಿ ತೆರೆಯುವ ಮೊದಲೇ ಆಗಿಹೋಗಿರುತ್ತದೆ. ಬಾಗಿಲಲ್ಲಿ ನಿಂತ ಮಾರಾಟಗಾರನು ಬಂದವನ ಹಳೆಯ ಗಾಡಿಯ ಮೇಲೆ ಕೆಎ 23 ಎಂದಿದೆಯೋ ಎಂಎಚ್ 09 ಎಂದಿದೆಯೋ ನೋಡುತ್ತಾನೆ, ಹಣೆಯ ಮೇಲಿರುವುದು ವಿಭೂತಿಯೋ ಬುಕ್ಕಿಟ್ಟೋ ಎಂದು ಗಮನಿಸುತ್ತಾನೆ, ಜೊತೆಗೆ ಬಂದ ಹೆಂಗಸು ಮಗುವನ್ನು ಯಾವ ಮಾತಿನಲ್ಲಿ ಗದರಿಸುತ್ತಾಳೆಂದು ಕಿವಿಗೊಡುತ್ತಾನೆ. ಕಾಲಿನ ಚಪ್ಪಲಿಯಿಂದ ಮಾತ್ರ ಅವನಿಗೆ ಏನೂ ತಿಳಿಯುವುದಿಲ್ಲ, ಏಕೆಂದರೆ 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ದೊರೆತ ಭೌಗೋಳಿಕ ಗುರುತು, ಎಂದರೆ ವಸ್ತುವೊಂದು ಹುಟ್ಟುವ ನೆಲಕ್ಕೆ ಅದರ ಹೆಸರಿನ ಹಕ್ಕನ್ನು ಕಾಯ್ದಿಡುವ ಕಾನೂನಿನ ಮುದ್ರೆ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಒಟ್ಟಿಗೇ ಸಂದಿದೆ. ಅಥಣಿಯಲ್ಲಿ ಹೊಲಿದ ಜೋಡು ಕೊಲ್ಹಾಪುರದ ಹೆಸರಿನಲ್ಲಿ ಲೋಕ ಸುತ್ತುವುದು ಈ ಸೀಮೆಯ ಹಳೆಯ ನೋವುಗಳಲ್ಲೊಂದು. ಅದನ್ನು ಇಲ್ಲಿ ಕೆದಕುವ ಅಗತ್ಯವಿಲ್ಲ.

ಹೀಗೆ ಅಳೆದು ಸುರಿದು ಬಂದ ತೀರ್ಮಾನದ ಫಲವಾಗಿ ಗಿರಾಕಿಗೆ 'ಬರ್ರಿ, ಕೂಡ್ರಿ' ಎಂದೋ 'ಯಾ, ಬಸಾ' ಎಂದೋ ಸ್ವಾಗತ ಸಿಗುತ್ತದೆ. ಅನುಮಾನ ಉಳಿದಲ್ಲಿ ಎರಡೂ ಮನೆಗೆ ಸೇರದ ಹಿಂದಿಯು ನಡುವೆ ಬಂದು ಕುರ್ಚಿ ಎಳೆದುಕೊಳ್ಳುತ್ತದೆ. 2025ರ ಸೆಪ್ಟೆಂಬರ್ 22ರಂದು, ಘಟಸ್ಥಾಪನೆಯ ದಿನವೇ, 350 ಸಿಸಿವರೆಗಿನ ಬೈಕುಗಳ ಮೇಲಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದ ಮೇಲೆ ಈ ಸ್ವಾಗತದ ದೃಶ್ಯವನ್ನು ಮೇಲಿಂದ ಮೇಲೆ ನೋಡುವ ಅವಕಾಶ ನಿಪ್ಪಾಣಿ, ಚಿಕ್ಕೋಡಿ, ಅಥಣಿ, ಕಾಗವಾಡದ ಜನಕ್ಕೆ ಒದಗಿತು. ಸಿಸಿ ಎಂದರೆ ಎಂಜಿನ್ನಿನ ಸಿಲಿಂಡರಿನೊಳಗಿನ ಜಾಗವನ್ನು ಘನ ಸೆಂಟಿಮೀಟರಿನಲ್ಲಿ ಹೇಳುವ ಅಳತೆ; ಹೊಲ ಮತ್ತು ಹಾಲಿನ ಡೇರಿಯ ನಡುವೆ ಓಡಾಡುವ ಗಾಡಿಗಳೆಲ್ಲ ಈ 350ರ ಒಳಗೇ ಬರುವುದರಿಂದ, ಖಂಡೇನವಮಿಗೆ ಪೂಜೆ ಮಾಡಲು ಮನೆಯಲ್ಲಿ ಹೊಸ ಗಾಡಿ ಬೇಕೆಂದು ಹಟ ಹಿಡಿದ ಹುಡುಗರಿಗೂ, ಕಬ್ಬಿನ ಬಿಲ್ಲು ಬರಲಿ ನೋಡೋಣವೆಂದು ಮುಂದೂಡುತ್ತಿದ್ದ ಅಪ್ಪಂದಿರಿಗೂ ಒಂದೇ ವಾರದಲ್ಲಿ ಒಮ್ಮತ ಮೂಡಿತು.

ಹಿಂದೆ ಮಾರಾಟಗಾರನಿಗೆ ಭಾಷೆಯೇ ಬೇಕಿರಲಿಲ್ಲ. ಪುಣೆಯ ಆಕುರ್ಡಿಯಲ್ಲಿ ತಯಾರಾಗುತ್ತಿದ್ದ ಚೇತಕ್ ಸ್ಕೂಟರಿಗೆ ಹೆಸರು ಹಚ್ಚಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ಅಂಗಡಿಯವನು ಪಟ್ಟಿಯನ್ನು ತೋರಿಸಿ ತಲೆಯಾಡಿಸಿದರೆ ವ್ಯವಹಾರ ಮುಗಿಯುತ್ತಿತ್ತು. ಮೈಸೂರಿನ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ ಮತ್ತು ಯೆಜ್ಡಿಗಳು ಕೃಷ್ಣಾ ತೀರದವರೆಗೂ ಓಡಾಡಿದವು. ಅವುಗಳ ಸದ್ದನ್ನು ಹಿಡಿದಿಟ್ಟ 'ಫಟಫಟಿ' ಎಂಬ ಹೆಸರು ಮಾತ್ರ ಯಾವ ಭಾಷೆಯದೆಂದು ಎರಡೂ ಕಡೆಯವರು ಜಗಳವಾಡದೆ ಬಳಸಿದ ಅಪರೂಪದ ಪದ. ಮಾಲು ಹೆಚ್ಚಾಗಿ ಗಿರಾಕಿ ಕಡಿಮೆಯಾದ ಮೇಲೆಯೇ ಮಾರುವವನು ಮಾತು ಕಲಿಯಬೇಕಾಯಿತು, ಮಾತು ಕಲಿಯಬೇಕಾದಾಗಲೇ ಗಡಿಯಲ್ಲಿ ಯಾವ ಮಾತು ಎಂಬ ಪ್ರಶ್ನೆ ಹುಟ್ಟಿತು.

ಈ ಪ್ರಶ್ನೆಗೆ ಷೋರೂಮು ಕಂಡುಕೊಂಡಿರುವ ಉತ್ತರವೆಂದರೆ ಭಾಷೆಗಳಿಗೆ ಪಾಳಿ ಹಚ್ಚುವುದು. ಗಾಡಿಯ ಅಂದಚಂದ ಮತ್ತು 'ಅವರೇಜು', ಎಂದರೆ ಲೀಟರು ಪೆಟ್ರೋಲಿಗೆ ಅದು ಓಡುವ ದೂರ, ಕನ್ನಡದಲ್ಲಿ ವರ್ಣಿತವಾಗುತ್ತವೆ. 'ಎಪ್ಪತ್ತು ಕೊಡತೈತ್ರಿ ಕಾಕಾ, ಕಣ್ಣ ಮುಚ್ಚಿ ತಗೋರಿ' ಎಂಬಷ್ಟು ಸಿಹಿಯಾದ ಕನ್ನಡವನ್ನು ಬೆಂಗಳೂರಿನ ಕೌಂಟರುಗಳಲ್ಲಿ ಹುಡುಕಿದರೂ ಸಿಗಲಾರದು. ರಿಯಾಯಿತಿಯ ಚರ್ಚೆಗೆ ಬಂದಾಗ ಮಾತು ಮರಾಠಿಗೆ ಹೊರಳುತ್ತದೆ, ಸಾಲದ ಕಂತಿನ ಲೆಕ್ಕವನ್ನು ಹಣಕಾಸು ಕಂಪನಿಯ ಹುಡುಗ ಹಿಂದಿಯಲ್ಲಿ ಒಪ್ಪಿಸುತ್ತಾನೆ, ಸಹಿ ಬೀಳುವ ಕಾಗದವಂತೂ ಆದ್ಯಂತ ಇಂಗ್ಲಿಷಿನದು. ಹೊರಗಿನ ಫಲಕದಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿಯಾದ ಮೇಲೆ ಹೆಸರು ದೊಡ್ಡ ಕನ್ನಡ ಅಕ್ಷರಗಳಲ್ಲಿ ಮಿಂಚುತ್ತದೆ, ಆದರೆ ಆ ಶೇಕಡವಾರು ಲೆಕ್ಕ ಹೊಸ್ತಿಲು ದಾಟಿ ಒಳಗೆ ಬರುವುದಿಲ್ಲ. ಕೊಟೇಶನ್ನು ಎಂಬ ದರಪಟ್ಟಿಯಲ್ಲಿ ಗಿರಾಕಿಯ ಹೆಸರು ಕೂಡ ಅವನಿಗೆ ಓದಲು ಬಾರದ ಲಿಪಿಯಲ್ಲಿ, ಬಹುಮಟ್ಟಿಗೆ ತಪ್ಪಾಗಿಯೇ, ಅಚ್ಚಾಗಿರುತ್ತದೆ. ಆಸೆ ಹುಟ್ಟಿಸುವ ಹೊಣೆ ಕನ್ನಡದ್ದು, ದುಡ್ಡು ಎಣಿಸುವ ಅಧಿಕಾರ ಉಳಿದವುಗಳದ್ದು ಎಂಬ ಈ ಹಂಚಿಕೆಯನ್ನು ಯಾರೂ ಕೂತು ಮಾಡಿದ್ದಲ್ಲ, ಆದರೂ ಅದು ಅಂಗಡಿಯಿಂದ ಅಂಗಡಿಗೆ ಬದಲಾಗುವುದಿಲ್ಲ.

ಮಾತು ಮರಾಠಿಗೆ ಹೊರಳುವ ಹಂತದಲ್ಲಿ ಎರಡು ಭಾಷೆಗಳ ನಡುವಿನ ಬಳಕೆಯ ಪದಗಳೇ ಬಲೆಯಾಗುತ್ತವೆ. ಕನ್ನಡದಲ್ಲಿ 'ಪಾವತಿ' ಎಂದರೆ ಹಣ ಸಂದಾಯ ಮಾಡುವುದು, ಮರಾಠಿಯಲ್ಲಿ ಅದೇ ಪದಕ್ಕೆ ಸಂದಾಯವಾದದ್ದಕ್ಕೆ ಕೊಡುವ ರಸೀದಿ ಎಂದರ್ಥ; ಆದುದರಿಂದ 'ಪಾವತಿ ಝಾಲೀ ಕಾ' ಎಂದು ಮಾರಾಟಗಾರ ಕೇಳಿದರೆ ರಸೀದಿ ಹರಿದಾಯಿತೇ ಎಂದು ಅವನ ಪ್ರಶ್ನೆ, ದುಡ್ಡು ಕೊಟ್ಟಾಯಿತೇ ಎಂದು ಕನ್ನಡಿಗನ ತಿಳಿವಳಿಕೆ, ಮತ್ತು ಇಬ್ಬರೂ ಹೌದೆಂದು ತಲೆಯಾಡಿಸಿ ಮುಂದೆ ಸಾಗುತ್ತಾರೆ. 'ಸವಲತ್ತು' ಕನ್ನಡದಲ್ಲಿ ಅನುಕೂಲ, ಮರಾಠಿಯ 'ಸವಲತ' ದರದಲ್ಲಿ ಕಡಿತ. ದರದ ಕಡಿತಕ್ಕೆ 'ಸೂಟ' ಎಂಬ ಇನ್ನೊಂದು ಮರಾಠಿ ಪದವೂ ಇದೆ, ಆದರೆ ಬೆಳಗಾವಿ ಸೀಮೆಯ ಕನ್ನಡದ ಕಿವಿಗೆ ಅದು ಶಾಲೆಯ 'ಸೂಟಿ'ಯನ್ನೇ, ಎಂದರೆ ರಜೆಯನ್ನೇ ನೆನಪಿಸುತ್ತದೆ. ಎಲ್ಲಕ್ಕಿಂತ ಮೋಸದ್ದು 'ಅವಕಾಶ'. ಮರಾಠಿಯಲ್ಲಿ ಒಂದು ಕೆಲಸಕ್ಕೆ 'ಅಜೂನ ಅವಕಾಶ ಆಹೇ' ಎಂದರೆ ಇನ್ನೂ ಸಮಯವಿದೆ, ಸದ್ಯಕ್ಕೆ ಆಗದು ಎಂದು ತಾತ್ಪರ್ಯ. ಡೆಲಿವರಿಯ ಬಗ್ಗೆ ಈ ಮಾತನ್ನು ಕೇಳಿದ ಕನ್ನಡಿಗ, ಗಾಡಿ ಇವತ್ತೇ ಸಿಗುವ ಅವಕಾಶವಿದೆಯೆಂದು ಖುಷಿಪಟ್ಟು ಪೂಜೆಗೆ ನಿಂಬೆಹಣ್ಣು, ತೆಂಗಿನಕಾಯಿ ತರಲು ಹೋಗುವುದುಂಟು.

ಆದರೆ ಇಂಥ ಮುಗ್ಧರು ಗಡಿಯಲ್ಲಿ ಕಡಿಮೆ. ಇಲ್ಲಿಯ ಕನ್ನಡಿಗನಿಗೆ ಮರಾಠಿ ಸಂತೆಯಿಂದಲೂ ಬೀಗರಿಂದಲೂ ಬಂದಿರುತ್ತದೆ, ಮತ್ತು ಅದನ್ನು ಬಚ್ಚಿಡುವ ಕಲೆಯೂ ಅದರ ಜೊತೆಗೇ ಬಂದಿರುತ್ತದೆ. ದರದ ಮಾತು ಬಂದಾಗ ಮಾರಾಟಗಾರ ಗಾಜಿನ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು ವ್ಯವಸ್ಥಾಪಕನೊಡನೆ, ಈ ಗಿರಾಕಿಗೆ ಎಷ್ಟು ಬಿಡಬಹುದು, ಎಷ್ಟು ಎಳೆಯಬಹುದು ಎಂದು ಮರಾಠಿಯಲ್ಲಿ ಸಮಾಲೋಚಿಸುವಾಗ, ಕುರ್ಚಿಯಲ್ಲಿ ಕೂತವನು ಗೋಡೆಯ ಮೇಲಿನ ಚಿತ್ರತಾರೆಯ ಪೋಸ್ಟರನ್ನು ನೋಡುತ್ತ ಪ್ರತಿಯೊಂದು ಅಂಕಿಯನ್ನೂ ಮನಸ್ಸಿನಲ್ಲಿ ಬರೆದುಕೊಳ್ಳುತ್ತಾನೆ. ಅತ್ತ ಮಾರಾಟಗಾರನೂ ಕಡಿಮೆಯವನಲ್ಲ. ತಂದೆ ಮಗ ತಮ್ಮೊಳಗೆ 'ಇನ್ನ ಮೂರ ಸಾವ್ರ ಜಗ್ಗೂನು, ಇಲ್ಲಂದ್ರ ಎದ್ದ ಹೋಗೂನು' ಎಂದು ಪಿಸುಗುಟ್ಟಿದ್ದು ಅವನಿಗೆ ಅಕ್ಷರಶಃ ತಿಳಿದಿರುತ್ತದೆ, ಮತ್ತು ಅವನು ಅದನ್ನು ತಿಳಿಯದವನಂತೆ ಕ್ಯಾಲ್ಕುಲೇಟರಿನ ಗುಂಡಿಗಳನ್ನು ಒತ್ತುತ್ತಿರುತ್ತಾನೆ. ದ್ವಿಭಾಷಿಕತೆ, ಎಂದರೆ ಒಬ್ಬನೇ ಎರಡು ಭಾಷೆಗಳಲ್ಲಿ ಬದುಕುವ ಸ್ಥಿತಿ, ಜನರನ್ನು ಹತ್ತಿರ ತರುತ್ತದೆಂದು ವಿಚಾರ ಸಂಕಿರಣಗಳಲ್ಲಿ ಹೇಳುವವರು ಒಮ್ಮೆ ಈ ಮೇಜಿನ ಪಕ್ಕದಲ್ಲಿ ಕೂತು ನೋಡಬೇಕು.

ಹೀಗೆ ಕದ್ದು ಕೇಳುವ ಕನ್ನಡಿಗನನ್ನು ಕೊನೆಗೂ ಸೋಲಿಸುವುದು ಅಂಕಿಗಳಲ್ಲ, ಒಂದು ಸರ್ವನಾಮ. ಮರಾಠಿಯಲ್ಲಿ 'ನಾವು' ಎನ್ನಲು ಎರಡು ಪದಗಳಿವೆ. ಕೇಳುತ್ತಿರುವವನನ್ನೂ ಒಳಗೆ ಸೇರಿಸಿಕೊಂಡು ಹೇಳುವ 'ನಾವು' ಎಂಬುದು 'ಆಪಣ'. ಅವನನ್ನು ಹೊರಗಿಟ್ಟು ಹೇಳುವ 'ನಾವು' ಎಂಬುದು 'ಆಮ್ಹೀ'. ಸಾಲದ್ದಕ್ಕೆ 'ಆಪಣ' ಎಂಬುದು 'ತಾವು' ಎಂಬ ಗೌರವದ ಅರ್ಥವನ್ನೂ ಕೊಡುವುದರಿಂದ, ಆ ಒಂದು ಪದದಲ್ಲಿ ಗಿರಾಕಿ ದೊಡ್ಡ ಮನುಷ್ಯನೂ ಆಗುತ್ತಾನೆ, ಮನೆಯವನೂ ಆಗುತ್ತಾನೆ. ಟೆಸ್ಟ್ ರೈಡಿನಿಂದ ಮುಂಗಡ ಹಣ ಕೈಬದಲಾಗುವವರೆಗೆ ಷೋರೂಮಿನಲ್ಲಿ ಈ 'ಆಪಣ'ದ ಆಳ್ವಿಕೆ: 'ಆಪಣ ಬಘೂ ಯಾ', 'ಆಪಲೀಚ ಗಾಡೀ ಆಹೇ', ಎಂದರೆ ನಾವೆಲ್ಲ ಸೇರಿ ನೋಡೋಣ, ಇದು ನಮ್ಮ ನಿಮ್ಮ ಎಲ್ಲರ ಗಾಡಿಯೇ. ಮುಂಗಡದ ರಸೀದಿ ಹರಿದ ಮರುಗಳಿಗೆಯಲ್ಲಿ, ಹೇಳಿದ ಬಣ್ಣ ಬಂದಿಲ್ಲವೆಂದೋ ನೋಂದಣಿ ತಡವಾಯಿತೆಂದೋ ಕೇಳಿದರೆ, ಅದೇ ಬಾಯಿಂದ 'ತೇ ಆಮಚ್ಯಾ ಹಾತಾತ ನಾಹೀ' ಎಂಬ ಉತ್ತರ ಹೊರಡುತ್ತದೆ. ಅದು ನಮ್ಮ ಕೈಯಲ್ಲಿಲ್ಲ ಎಂಬ ಆ ಮಾತಿನ 'ನಮ್ಮ'ದೊಳಗೆ ಗಿರಾಕಿ ಇಲ್ಲ. ಧ್ವನಿ ಏರಿಲ್ಲ, ಮುಖದ ನಗು ಮಾಸಿಲ್ಲ, ಚಹಾದ ಕಪ್ಪು ಇನ್ನೂ ಬಿಸಿಯಾಗಿಯೇ ಇದೆ. ಬದಲಾದದ್ದು ಸರ್ವನಾಮ ಮಾತ್ರ, ಅಷ್ಟರಿಂದಲೇ ಗಿರಾಕಿ ಮನೆಯ ಅಂಗಳಕ್ಕೆ ಬಂದು ನಿಂತಿರುತ್ತಾನೆ.

ಕನ್ನಡ ಮಾತಾಡುವ ಮಾರಾಟಗಾರನಿಗೆ ಈ ಸೌಲಭ್ಯವಿಲ್ಲ. ಇಂದಿನ ಕನ್ನಡದಲ್ಲಿ 'ನಾವು' ಒಂದೇ, 'ನಮ್ಮ' ಒಂದೇ. 'ನಮ್ಮ ಗಾಡಿ' ಎಂದು ಮಾರುವವನೇ ಮುಂದೆ 'ಅದು ನಮ್ಮ ಕೈಯಾಗ ಇಲ್ರಿ' ಎಂದರೂ, ಆ ನಿರಾಕರಣೆಯಲ್ಲಿ ಕೂಡ ಗಿರಾಕಿಯನ್ನು ಜೊತೆಗೆ ಕೂರಿಸಿಕೊಂಡೇ ನಿರಾಕರಿಸಿದಂತಿರುತ್ತದೆ. ತಮಿಳು, ತೆಲುಗು, ಮಲಯಾಳಗಳೆಲ್ಲ ಈ ಒಳಗಿನ ಮತ್ತು ಹೊರಗಿನ ಭೇದವನ್ನು ಉಳಿಸಿಕೊಂಡಿರುವಾಗ ಕನ್ನಡವೊಂದು ಅದನ್ನು ಬಿಟ್ಟುಕೊಟ್ಟಿದೆ; ಅತ್ತ ಹಿಂದಿಯಲ್ಲಿ ಕಾಣದ ಈ ಭೇದ ಮರಾಠಿಗೆ ಬಂದದ್ದು ದ್ರಾವಿಡ ನುಡಿಗಳ ಒಡನಾಟದಿಂದ ಎಂಬುದು ಭಾಷಾವಿಜ್ಞಾನಿಗಳಲ್ಲಿ ಬಳಕೆಯಲ್ಲಿರುವ ಅಭಿಪ್ರಾಯ. ಮಹಾರಾಷ್ಟ್ರದ ನೆಲದಲ್ಲಿ ಹೂತುಹೋದ ಕನ್ನಡದ ಕುರುಹುಗಳನ್ನು ಹುಡುಕಿ 'ಕಣ್ಮರೆಯಾದ ಕನ್ನಡ'ವನ್ನು ಬರೆದ ಶಂ.ಬಾ. ಜೋಶಿಯವರು ಊರ ಹೆಸರುಗಳ ಬೆನ್ನು ಹತ್ತಿದವರು. ಬೈಕ್ ಷೋರೂಮಿನ ಕೊಟೇಶನ್ನುಗಳು ಅವರ ಕೈಗೆ ಸಿಗಲಿಲ್ಲವೆಂಬುದು ನಾಡಿನ ನಷ್ಟ. ತಮ್ಮ ಕುಲದ ನುಡಿಗಳಿಂದ ಹೋದ ಸರ್ವನಾಮದ ಭೇದ ತಮ್ಮ ಮೇಲೆಯೇ ಪ್ರಯೋಗವಾಗುವುದನ್ನು, ಅದೂ ಹಣ ಕೊಟ್ಟ ಮೇಲೆ, ಗಡಿಯ ಕನ್ನಡಿಗರು ಮೆಚ್ಚುಗೆಯಿಂದಲೇ ನೋಡಬೇಕಾಗಿದೆ. ಮೆಚ್ಚುಗೆ ಯಾಕೆಂದರೆ ಕುಶಲತೆ ನಿಜವಾಗಿಯೂ ದೊಡ್ಡದು.

ಕಾಗದದ ಇಂಗ್ಲಿಷಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಅದು ಎರಡೂ ಭಾಷೆಯವರನ್ನು ಸಮನಾಗಿ ಸುಲಿಯುತ್ತದೆ. ಹಿಂದೆ ಕೂಡುವವರಿಗೆ ಹಿಡಿಕೆ, ಕಾಲಿಡುವ ಪೆಡಲು, ಬಟ್ಟೆ ಸಿಕ್ಕದಂತೆ ಹಿಂಗಾಲಿಯ ಅರ್ಧದಷ್ಟಾದರೂ ಮುಚ್ಚುವ ತಡೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ, ಆದರೂ 'ಸೀರೆ ಗಾರ್ಡ್' ಎಂಬ ಆ ತಡೆಯು ಕೆಲವೆಡೆ ಬಿಡಿ ಅಲಂಕಾರವೆಂಬಂತೆ ದರಪಟ್ಟಿಯ ಆಕ್ಸೆಸರೀಸ್ ಸಾಲಿನಲ್ಲಿ ಪ್ರತ್ಯೇಕ ಬೆಲೆಯೊಡನೆ ಕೂತಿರುತ್ತದೆ. 2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ ಐದು ವರ್ಷದ ಮೂರನೆಯವರ ವಿಮೆ, ಎಂದರೆ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಯನ್ನು ತುಂಬಿಕೊಡುವ ವಿಮೆ, ಒಟ್ಟಿಗೇ ಕಡ್ಡಾಯವಾಗಿರುವುದು ನಿಜ. ಅದನ್ನು ಇದೇ ಮೇಜಿನಲ್ಲಿ ಕೊಳ್ಳುವುದು ಕಡ್ಡಾಯವಲ್ಲವೆಂಬ ಇನ್ನರ್ಧ ಸತ್ಯವನ್ನು ಯಾವ ಭಾಷೆಯಲ್ಲೂ ಯಾರೂ ಹೇಳುವುದಿಲ್ಲ.

ಇಷ್ಟೆಲ್ಲ ದೂರಿನ ನಡುವೆಯೂ ಮಾರಾಟಗಾರ ಹುಡುಗನನ್ನು ಶತ್ರುವೆಂದು ಬರೆಯಲು ಮನಸ್ಸು ಬಾರದು, ಮುಖ್ಯವಾಗಿ ಆಚೆಯ ಕಡೆಯ ಹುಡುಗನನ್ನು. ಜತ್ತ, ಅಕ್ಕಲಕೋಟೆಯ ಕಡೆ ಕನ್ನಡ ಶಾಲೆಯಲ್ಲಿ ಓದಿದವನು ಸೊಲ್ಲಾಪುರದ ಷೋರೂಮಿನಲ್ಲಿ ನಿಂತರೆ ದಿನವಿಡೀ ತನ್ನ ಕನ್ನಡವನ್ನು ಕಿಸೆಯಲ್ಲಿಟ್ಟುಕೊಂಡಿರಬೇಕಾಗುತ್ತದೆ. ಹಳ್ಳಿಯಿಂದ ಬಂದ ಮುದುಕಿ ಮಗನ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ ಗಾಬರಿಯಿಂದ ಅತ್ತಿತ್ತ ನೋಡುವಾಗ, ಅವನು ಪಕ್ಕಕ್ಕೆ ಬಾಗಿ 'ಯವ್ವಾ, ತಿಂಗಳಾ ಕಂತ ಕಟ್ಟಬೇಕು, ತಪ್ಪಿದ್ರ ಗಾಡಿ ಒಯ್ತಾರ' ಎಂದು ಸಣ್ಣ ದನಿಯಲ್ಲಿ ಹೇಳುತ್ತಾನೆ. ಆ ಒಂದು ವಾಕ್ಯದಿಂದ ಕಂಪನಿಗೆ ಲಾಭವೇನೂ ಇಲ್ಲ, ನಷ್ಟವೇ ಆಗಬಹುದು. ಮರಾಠಿಯನ್ನೇ ಮನೆಮಾತಾಗಿ ಉಳ್ಳವರಲ್ಲೂ ಇಂಥವರಿದ್ದಾರೆ. ಅವರ ಕನ್ನಡದಲ್ಲಿ ಲಿಂಗ ವಚನಗಳು ಎಡವುತ್ತವೆ, ಗಾಡಿ 'ಬರ್ತಾಳೆ' ಹೋಗುತ್ತಾಳೆ, ಆದರೆ ದರದ ಮಾತಿನಲ್ಲೂ ಅವರು ಕನ್ನಡವನ್ನು ಬಿಟ್ಟೋಡುವುದಿಲ್ಲ. ಮರಾಠಿಯಲ್ಲಿ ಗಾಡಿ ಸ್ತ್ರೀಲಿಂಗ. ಕನ್ನಡಕ್ಕೆ ಬಂದ ಮೇಲೂ ಅವಳನ್ನು ಅವಳೆಂದೇ ಕರೆಯುವ ಆ ತಪ್ಪನ್ನು ತಿದ್ದುವ ಧಾವಂತ ಗಿರಾಕಿಗಳಲ್ಲಿ ಯಾರಿಗೂ ಇರುವುದಿಲ್ಲ.

ಷೋರೂಮಿನ ಎದುರು, ರಸ್ತೆಯ ಆ ಬದಿಗೆ, ಸಾಮಾನ್ಯವಾಗಿ ಒಂದು ರೇಡಿಯಮ್ ಅಂಗಡಿ ಇರುತ್ತದೆ, ಎಂದರೆ ಬೆಳಕು ಬಿದ್ದರೆ ಹೊಳೆಯುವ ಹಾಳೆಯಿಂದ ಅಕ್ಷರ ಕತ್ತರಿಸಿ ಗಾಡಿಗೆ ಅಂಟಿಸುವ ತಾಣ. ಹೊಸ ನಂಬರ್ ಪ್ಲೇಟಿನಲ್ಲಿ ಯಾವ ನುಡಿಗೂ ಜಾಗವಿಲ್ಲವಾದ್ದರಿಂದ ತಾಯಿಯ ಆಶೀರ್ವಾದ, ಊರ ದೇವರ ಹೆಸರು, ಮಗಳ ಹೆಸರು ಎಲ್ಲವೂ ಹೆಡ್‌ಲೈಟಿನ ನೆತ್ತಿಯ ಮೇಲೋ ಹಿಂದಿನ ಮಡ್‌ಗಾರ್ಡಿನ ಮೇಲೋ ಇಲ್ಲಿ ಏರುತ್ತವೆ. ಹಣೆಯ ವಿಭೂತಿಯನ್ನಾಗಲಿ ಗಾಡಿಯ ನಂಬರನ್ನಾಗಲಿ ನೋಡದೆ, ಕತ್ತರಿಯನ್ನು ಕೈಯಲ್ಲಿ ಹಿಡಿದೇ, ಆ ಅಂಗಡಿಯವನು ಎಲ್ಲಕ್ಕೂ ಮೊದಲು 'ಕನ್ನಡದಾಗೋ, ಮರಾಠ್ಯಾಗೋ' ಎಂದು ಬಾಯಿಬಿಟ್ಟು ಕೇಳುತ್ತಾನೆ; ಗಡಹಿಂಗ್ಲಜದಲ್ಲಿ ಮಾವನ ಮನೆಯಿರುವ ಚಿಕ್ಕೋಡಿಯ ಅಳಿಯಂದಿರು ಸ್ವಲ್ಪ ಹೊತ್ತು ಯೋಚಿಸಿ, ಮುಂದೆ ಕನ್ನಡ, ಹಿಂದೆ ಮರಾಠಿ ಎನ್ನುತ್ತಾರೆ.