ಪುನ್ನಮಡದಲ್ಲಿ ಮತ್ತೆ ಹುಟ್ಟಿನ ಸದ್ದು

ಮಂಗಳೂರಿನಿಂದ ಸಂಜೆ ಹೊರಟ ಮಾವೇಲಿ ಎಕ್ಸ್‌ಪ್ರೆಸ್ ನಸುಕಿಗೂ ಮೊದಲೇ ನನ್ನನ್ನು ಆಲಪ್ಪುಳದಲ್ಲಿ ಇಳಿಸಿತು. 2022ರ ಸೆಪ್ಟೆಂಬರ್ 4, ಭಾನುವಾರ. ತಿರುವೋಣಕ್ಕೆ ನಾಲ್ಕೇ ದಿನ ಬಾಕಿ. ಅಂದೇ ನೆಹರು ಟ್ರೋಫಿ ದೋಣಿ ಸ್ಪರ್ಧೆ. ವಾಡಿಕೆಯಂತೆ ಅದು ಆಗಸ್ಟ್‌ನ ಎರಡನೇ ಶನಿವಾರ ನಡೆಯುತ್ತಿತ್ತು. 2018 ಮತ್ತು 2019ರಲ್ಲಿ ಮಳೆ, ನೆರೆ ಅದನ್ನು ಮುಂದಕ್ಕೆ ತಳ್ಳಿದ್ದವು; ಮುಂದಿನ ಎರಡು ವರ್ಷ ಕೊರೊನಾ ಅದನ್ನು ನಡೆಯಲೇ ಬಿಡಲಿಲ್ಲ.

ಬೆಳಗ್ಗೆಯೇ ಸ್ಪರ್ಧೆ ನಡೆಯುವ ಪುನ್ನಮಡ ಸರೋವರದ ದೋಣಿಕಟ್ಟೆಯತ್ತ ನಡೆದೆ. ಎಲ್ಲಿ ನೋಡಿದರೂ ಜನ. ಅಜ್ಜಂದಿರ ಹೆಗಲೇರಿದ್ದ ಪುಟ್ಟ ಮಕ್ಕಳಲ್ಲಿ ಹಲವರಿಗೆ ಇದೇ ಮೊದಲ ವಳ್ಳಂಕಳಿ, ಅಂದರೆ ದೋಣಿ ಸ್ಪರ್ಧೆ, ಇರಬೇಕು.

ಸ್ಪರ್ಧೆಯ ಉದ್ದ ದೋಣಿಯಾದ ಚುಂಡನ್ ವಳ್ಳವನ್ನು ಹತ್ತಿರದಿಂದ ನೋಡಿದರೆ ಆ ಎರಡು ವರ್ಷ ಏಕೆ ಅಷ್ಟು ಕಠಿಣವಾಗಿತ್ತೆಂದು ತಿಳಿಯುತ್ತದೆ. ನೂರು ಅಡಿಗೂ ಉದ್ದದ, ಹೆಬ್ಬಲಸಿನ ಜಾತಿಯ ಆಂಞಿಲಿ ಮರದ ದೋಣಿ. ಹಿಂಭಾಗ ಹೆಡೆಯೆತ್ತಿದ ಹಾವಿನಂತೆ. ಅದರಲ್ಲಿ ಇಬ್ಬಿಬ್ಬರಂತೆ ಸಾಲಾಗಿ, ಒಬ್ಬರ ಮೊಣಕಾಲು ಇನ್ನೊಬ್ಬರ ಬೆನ್ನಿಗೆ ತಾಗುವಂತೆ ನೂರರಷ್ಟು ಮಂದಿ ಕೂರುತ್ತಾರೆ. ಆರಡಿ ಅಂತರ ಇಟ್ಟುಕೊಂಡು ಆಡಲು ಸಾಧ್ಯವೇ ಇಲ್ಲದ ಆಟ ಇದು. ಕ್ರಿಕೆಟ್ಟನ್ನು ಖಾಲಿ ಮೈದಾನದಲ್ಲಿ ಆಡಿದರು. ಇದನ್ನು ಹೇಗೆ ಆಡುವುದು?

ದಂಡೆಯಲ್ಲಿ ನಿಂತಿದ್ದ ಹಿರಿಯ ಹುಟ್ಟುಗಾರರೊಬ್ಬರನ್ನು ನನ್ನ ಹರಕು ಮಲಯಾಳದಲ್ಲಿ ಮಾತಿಗೆಳೆದೆ. “ಚೇಟ್ಟಾ, ಆ ಎರಡು ವರ್ಷ ಏನು ಮಾಡಿದಿರಿ?”

“ದೋಣಿ ನೋಡಿಕೊಂಡೆವು ಮೋನೇ. ಮರಕ್ಕೆ ಎಣ್ಣೆ ಕುಡಿಸಬೇಕಲ್ಲ. ಸ್ಪರ್ಧೆ ಇಲ್ಲದಿದ್ದರೂ ಅದು ಊರಿನ ದೋಣಿ.”

ಆ ಮಾತನ್ನು ನಾನು ಮರೆಯಲಾರೆ. ಮೀನೆಣ್ಣೆ, ತೆಂಗಿನ ಚಿಪ್ಪಿನ ಕರಿ, ಮೊಟ್ಟೆ ಕಲಸಿ ಬಳಿಯುವುದು ಅಲ್ಲಿನ ಹಳೆಯ ಪದ್ಧತಿ. ಈ ದೋಣಿಗಳಲ್ಲಿ ಹೆಚ್ಚಿನವು ಊರವರೇ ಹಣ ಕೂಡಿಸಿ ಕಟ್ಟಿಸಿದವು. ಆ ಎರಡು ವರ್ಷ ಪ್ರವಾಸಿಗರಿಗೆ ತಪ್ಪಿದ್ದು ಒಂದು ನೋಟ ಮಾತ್ರ. ಇಲ್ಲಿನ ಹಿನ್ನೀರ ನಾಡಾದ ಕುಟ್ಟನಾಡಿನ ಹಳ್ಳಿಗಳಿಗೆ ವರ್ಷಕ್ಕೊಮ್ಮೆ ಒಟ್ಟಾಗಿ ಉಸಿರಾಡುವ ಹೊತ್ತೇ ಕೈತಪ್ಪಿತ್ತು.

ಟ್ರೋಫಿಯ ಕಥೆ ಹಲವರಿಗೆ ಗೊತ್ತು. 1952ರ ಡಿಸೆಂಬರ್‌ನಲ್ಲಿ ಇಲ್ಲಿಗೆ ಬಂದ ಜವಾಹರಲಾಲ್ ನೆಹರು ಗೆದ್ದ ನಡುಭಾಗಂ ದೋಣಿಗೆ ತಾವೇ ಜಿಗಿದರು. ದೆಹಲಿಗೆ ಮರಳಿದ ಮೇಲೆ ಬೆಳ್ಳಿಯ ದೋಣಿಯೊಂದನ್ನು ಬಹುಮಾನವಾಗಿ ಕಳಿಸಿದರು.

ಮಧ್ಯಾಹ್ನದ ನಂತರ ಚುಂಡನ್‌ಗಳ ಸರದಿ. ಈ ಸಲ ಇಪ್ಪತ್ತು ಬಂದಿದ್ದವು. ದೂರದಲ್ಲಿ ಮೊದಲು ಕಾಣುವುದು ನೀರಿನ ಬಿಳಿ ಸಿಡಿತ ಮಾತ್ರ. ಬಳಿಕ ದೋಣಿಯ ನಡುವೆ ನಿಂತವರು ಹಲಗೆಗೆ ದಪ್ಪ ಮರದ ತುಂಡನ್ನು ಕುಟ್ಟುವ ಸದ್ದು. ಆ ಪೆಟ್ಟಿಗೆ ನೂರು ಹುಟ್ಟುಗಳು ಒಟ್ಟಿಗೆ ನೀರಿಗಿಳಿದು ಒಟ್ಟಿಗೆ ಮೇಲೇಳುತ್ತವೆ. ಒಂದು ಕೈ ತಡವಾದರೂ ದೋಣಿಗೆ ಗೊತ್ತಾಗುತ್ತದೆ. ಇಷ್ಟು ಕಾಲ ಬಿಡುವಾಗಿದ್ದ ಕೈಗಳು ಈ ಲಯವನ್ನು ಮತ್ತೆ ಹಿಡಿದದ್ದೇ ನನಗೆ ಅಂದಿನ ದೊಡ್ಡ ಗೆಲುವು. ನನ್ನ ಪಕ್ಕದ ಹೆಂಗಸು ಕಣ್ಣೊರೆಸಿಕೊಳ್ಳುತ್ತ ಕೂಗುತ್ತಿದ್ದರು. ನನ್ನ ಗಂಟಲೂ ಕಟ್ಟಿತ್ತು.

ಫೈನಲ್ ಮುಗಿಯಲು ನಾಲ್ಕೂವರೆ ನಿಮಿಷ ಸಾಕಾಯಿತು. ಪಳ್ಳಾತುರುತ್ತಿ ಬೋಟ್ ಕ್ಲಬ್ಬಿನವರು ಮಹಾದೇವಿಕಾಡ್ ಕಾಟ್ಟಿಲ್ ತೆಕ್ಕೇದಿಲ್ ಚುಂಡನ್‌ನಲ್ಲಿ ಗೆದ್ದರು. 2018ರಲ್ಲಿ ಪಾಯಿಪ್ಪಾಡ್, 2019ರಲ್ಲಿ ನಡುಭಾಗಂ, ಈಗ ಇದು: ದೋಣಿ ಬೇರೆ ಬೇರೆ, ಕ್ಲಬ್ ಒಂದೇ. ನಡುವೆ ಎರಡು ವರ್ಷ ಖಾಲಿ ಹೋದರೂ ಹ್ಯಾಟ್ರಿಕ್ ಉಳಿಯಿತು.

ನೀವೂ ಹೋಗಿ. ಆದರೆ ಸ್ಪರ್ಧೆಯ ದಿನಕ್ಕಷ್ಟೇ ಹೋಗಬೇಡಿ. ಒಂದು ವಾರ ಮುಂಚೆ ತಲುಪಿ, ಸರ್ಕಾರಿ ಬೋಟ್ ಹತ್ತಿ ಹಿನ್ನೀರಿನ ಹಳ್ಳಿಗಳ ಕಡೆ ಸಾಗಿ, ಸಂಜೆಯ ಅಭ್ಯಾಸ ನೋಡಿ. ಹಗಲೆಲ್ಲ ದುಡಿದ ಜನ ಹುಟ್ಟು ಹಿಡಿದು ದೋಣಿಗಿಳಿಯುವುದು ಆ ಹೊತ್ತಿನಲ್ಲಿ.